ಊರೂರು ಸುತ್ತುತ್ತಲೇ ಕಚೇರಿ ಕೆಲಸ: ಸಾರ್ವಜನಿಕ ವೈ-ಫೈ ಎಲ್ಲಿ, ಹೇಗೆ, ಎಷ್ಟು ಸುರಕ್ಷಿತ?

ಕಚೇರಿಗೆ ಹೋಗದೆ ಕೆಲಸ ಮಾಡುವ ಪದ್ಧತಿ 2020ರ ಕೋವಿಡ್ ಲಾಕ್‌ಡೌನ್ ನಂತರ ರಾಜ್ಯದ ನಗರವಾಸಿಗಳಿಗೆ ಹೊಸತಾಗಿ ಉಳಿದಿಲ್ಲ. ಹಬ್ಬಕ್ಕೆ ಊರಿಗೆ ಹೊರಟವರು, ಆಸ್ಪತ್ರೆಯಲ್ಲಿರುವ ತಂದೆ ತಾಯಿಯ ಆರೈಕೆಗೆ ನಿಂತವರು, ಬಂಧುಗಳ ಮದುವೆ ಮುಗಿಸಿ ರಾತ್ರಿ ರೈಲು ಹಿಡಿಯುವವರು ಲ್ಯಾಪ್‌ಟಾಪನ್ನು ಜೊತೆಯಲ್ಲೇ ಒಯ್ಯುತ್ತಾರೆ. ಅಂತರ್ಜಾಲ ಸಂಪರ್ಕ ಸಿಕ್ಕರೆ ಅದು ಸಂಬಳದ ದಿನ, ಸಿಗದಿದ್ದರೆ ರಜೆಯ ಲೆಕ್ಕಕ್ಕೆ ಸೇರುವ ದಿನ. ಹೀಗಾಗಿ ಸಾರ್ವಜನಿಕ ಸ್ಥಳಗಳಲ್ಲಿ ವೈ-ಫೈ ಎಲ್ಲೆಲ್ಲಿ ಲಭ್ಯ, ಅದರ ಮಿತಿಗಳೇನು, ಅದನ್ನು ಬಳಸುವಾಗ ವಹಿಸಬೇಕಾದ ಎಚ್ಚರವೇನು ಎಂಬುದನ್ನು ಮೊದಲೇ ಅರಿತಿರುವುದು ಒಳಿತು.

ಹಿನ್ನೆಲೆ

ಭಾರತದಲ್ಲಿ ಸಾರ್ವಜನಿಕರಿಗೆ ಅಂತರ್ಜಾಲ ಸೇವೆ ಆರಂಭವಾದದ್ದು 1995ರ ಆಗಸ್ಟ್ 15ರಂದು, ವಿಎಸ್‌ಎನ್‌ಎಲ್ ಮೂಲಕ. ಮರುವರ್ಷವೇ, ಅಂದರೆ 1996ರಲ್ಲಿ, ಬೆಂಗಳೂರಿನ ಬ್ರಿಗೇಡ್ ರಸ್ತೆಯಲ್ಲಿ ಕೆಫೆ ಕಾಫಿ ಡೇಯ ಮೊದಲ ಮಳಿಗೆ ಸೈಬರ್ ಕೆಫೆಯಾಗಿ ತೆರೆಯಿತು. ಕಾಫಿ ಕುಡಿಯುತ್ತಾ ಜಾಲತಾಣ ನೋಡುವ ರೂಢಿಗೆ ಈ ನಗರದಲ್ಲಿ ಸುಮಾರು ಮೂರು ದಶಕಗಳ ಇತಿಹಾಸವಿದೆ ಎನ್ನಬಹುದು.

ತಂತಿಯಿಲ್ಲದ ಸಂಪರ್ಕಕ್ಕೆ ಆಧಾರವಾದ 802.11 ಎಂಬ ಮಾನಕ 1997ರಲ್ಲಿ ಸಿದ್ಧವಾಯಿತು. 1999ರಲ್ಲಿ ತಯಾರಕ ಕಂಪನಿಗಳು ಒಕ್ಕೂಟ ರಚಿಸಿಕೊಂಡು ಅದಕ್ಕೆ ವೈ-ಫೈ ಎಂಬ ಹೆಸರನ್ನು ಬಳಕೆಗೆ ತಂದವು. ಬೆಂಗಳೂರಿನ ಎಂ.ಜಿ. ರಸ್ತೆ, ಬ್ರಿಗೇಡ್ ರಸ್ತೆ ಮುಂತಾದೆಡೆ 2014ರ ಜನವರಿಯಲ್ಲಿ ‘ನಮ್ಮ ವೈ-ಫೈ’ ಹೆಸರಿನ ಉಚಿತ ಸೇವೆ ಉದ್ಘಾಟನೆಗೊಂಡಿತು. ಆಗ ಒಬ್ಬರಿಗೆ ದಿನಕ್ಕೆ ಸಿಗುತ್ತಿದ್ದುದು 50 ಎಂಬಿ ಮಾತ್ರ. ಇಂದಿನ ಒಂದು ವಿಡಿಯೋ ಸಭೆಗೆ ಅಷ್ಟು ದತ್ತಾಂಶ ಐದು ನಿಮಿಷಕ್ಕೂ ಸಾಲದು. ಕೆಲವೇ ವರ್ಷಗಳಲ್ಲಿ ಆ ಸೇವೆ ನಿಂತುಹೋಯಿತು.

ರೈಲು ನಿಲ್ದಾಣಗಳು

ಪ್ರಯಾಣಿಕರಿಗೆ ಇಂದು ಅತಿ ಹೆಚ್ಚು ಊರುಗಳಲ್ಲಿ ಸಿಗುವ ಸಾರ್ವಜನಿಕ ವೈ-ಫೈ ರೈಲ್ವೆ ಇಲಾಖೆಯದು. ಸಾರ್ವಜನಿಕ ವಲಯದ ರೈಲ್‌ಟೆಲ್ ಸಂಸ್ಥೆ ಗೂಗಲ್ ಸಹಯೋಗದಲ್ಲಿ 2016ರ ಜನವರಿಯಲ್ಲಿ ಮುಂಬೈ ಸೆಂಟ್ರಲ್ ನಿಲ್ದಾಣದಿಂದ ಇದನ್ನು ಆರಂಭಿಸಿತು. 2020ರಲ್ಲಿ ಗೂಗಲ್ ಈ ಯೋಜನೆಯಿಂದ ಹಿಂದೆ ಸರಿಯಿತು. ರೈಲ್‌ಟೆಲ್ ಅದನ್ನು ತಾನೇ ಮುಂದುವರಿಸಿ, 2021ರ ಹೊತ್ತಿಗೆ 6,000 ನಿಲ್ದಾಣಗಳ ಗಡಿ ದಾಟಿತು.

ಬಳಸುವ ವಿಧಾನ ಸರಳ. ಮೊಬೈಲ್ ಅಥವಾ ಲ್ಯಾಪ್‌ಟಾಪಿನ ವೈ-ಫೈ ಪಟ್ಟಿಯಲ್ಲಿ ‘ರೈಲ್‌ವೈರ್’ ಎಂಬ ಹೆಸರನ್ನು ಆಯ್ದುಕೊಂಡು, ತೆರೆದುಕೊಳ್ಳುವ ಪುಟದಲ್ಲಿ ಮೊಬೈಲ್ ಸಂಖ್ಯೆ ಕೊಟ್ಟು, ಸಂದೇಶವಾಗಿ ಬರುವ ಒಟಿಪಿಯನ್ನು ನಮೂದಿಸಬೇಕು. 2021ರ ಮಾರ್ಚ್‌ನಲ್ಲಿ ಜಾರಿಗೆ ಬಂದ ವ್ಯವಸ್ಥೆಯಂತೆ ದಿನದ ಮೊದಲ 30 ನಿಮಿಷ 1 ಎಂಬಿಪಿಎಸ್ ವೇಗದಲ್ಲಿ ಉಚಿತ. ನಂತರದ ಬಳಕೆಗೆ ಹಣ ಕೊಡಬೇಕು. ಆಗ ಪ್ರಕಟವಾದ ದರಗಳ ಪ್ರಕಾರ 10 ರೂಪಾಯಿಗೆ ಒಂದು ದಿನದ ಅವಧಿಯ 5 ಜಿಬಿ, 34 ಎಂಬಿಪಿಎಸ್ ವೇಗದಲ್ಲಿ ದೊರೆಯುತ್ತಿತ್ತು.

ಈ ಅಂಕಿಗಳನ್ನು ಸ್ವಲ್ಪ ಬಿಡಿಸಿ ನೋಡಬೇಕು. 1 ಎಂಬಿಪಿಎಸ್ ವೇಗದಲ್ಲಿ ಅರ್ಧ ಗಂಟೆಗೆ ಇಳಿಯುವುದು ಹೆಚ್ಚೆಂದರೆ 225 ಎಂಬಿ. ಇಮೇಲ್, ಕಡತ ಕಳುಹಿಸುವಿಕೆ, ಧ್ವನಿ ಕರೆಗೆ ಇದು ಸಾಕು. ಇನ್ನು 5 ಜಿಬಿಯನ್ನು 34 ಎಂಬಿಪಿಎಸ್‌ನ ಪೂರ್ಣ ವೇಗದಲ್ಲಿ ಎಳೆದುಕೊಂಡರೆ ಸುಮಾರು ಇಪ್ಪತ್ತು ನಿಮಿಷದಲ್ಲೇ ಬರಿದಾಗುತ್ತದೆ. ಆದ್ದರಿಂದ ಸಂಪರ್ಕ ಕೊಡುವ ಮುನ್ನ ಲ್ಯಾಪ್‌ಟಾಪಿನ ಸ್ವಯಂಚಾಲಿತ ನವೀಕರಣ ಹಾಗೂ ಚಿತ್ರಗಳ ಕ್ಲೌಡ್ ಸಂಗ್ರಹವನ್ನು ತಡೆಹಿಡಿಯುವುದು ಜಾಣತನ.

ಈ ಸೌಲಭ್ಯ ನಿಲ್ದಾಣಕ್ಕೆ ಸೀಮಿತ, ಚಲಿಸುವ ರೈಲಿಗೆ ಅನ್ವಯಿಸುವುದಿಲ್ಲ ಎಂಬುದನ್ನು ಮರೆಯಬಾರದು. ಹೌರಾ ರಾಜಧಾನಿ ಎಕ್ಸ್‌ಪ್ರೆಸ್‌ನಲ್ಲಿ ಉಪಗ್ರಹ ಆಧಾರಿತ ವೈ-ಫೈ ಪ್ರಯೋಗ ನಡೆದಿತ್ತಾದರೂ ವೆಚ್ಚ ಹೊರಲಾಗದಷ್ಟಾದ ಕಾರಣ ಅದನ್ನು ಕೈಬಿಡಲಾಯಿತು ಎಂದು 2021ರಲ್ಲಿ ಸರ್ಕಾರ ಸಂಸತ್ತಿಗೆ ತಿಳಿಸಿತು.

ಪಿಎಂ-ವಾಣಿ

ಎಸ್‌ಟಿಡಿ ಬೂತ್‌ಗಳ ಕಾಲವನ್ನು ಕಂಡವರಿಗೆ ಪಿಎಂ-ವಾಣಿ ಯೋಜನೆಯ ಸ್ವರೂಪ ಸುಲಭವಾಗಿ ಅರ್ಥವಾಗುತ್ತದೆ. ಕೇಂದ್ರ ಸಚಿವ ಸಂಪುಟ 2020ರ ಡಿಸೆಂಬರ್‌ನಲ್ಲಿ ಒಪ್ಪಿಗೆ ನೀಡಿದ ಈ ಯೋಜನೆಯಡಿ ಕಿರಾಣಿ ಅಂಗಡಿ, ಚಹಾದಂಗಡಿ, ಔಷಧಿ ಮಳಿಗೆಯವರು ತಮ್ಮ ಬ್ರಾಡ್‌ಬ್ಯಾಂಡ್ ಸಂಪರ್ಕವನ್ನು ಸಾರ್ವಜನಿಕರಿಗೆ ಬಿಡಿಯಾಗಿ ಮಾರಬಹುದು. ಅಂಗಡಿಯವರಿಗೆ ಪರವಾನಗಿಯಾಗಲಿ ನೋಂದಣಿ ಶುಲ್ಕವಾಗಲಿ ಇಲ್ಲ. ಹಲವು ಅಂಗಡಿಗಳನ್ನು ಒಗ್ಗೂಡಿಸಿ ಗುರುತು ಪರಿಶೀಲನೆ, ಲೆಕ್ಕಪತ್ರ ನೋಡಿಕೊಳ್ಳುವ ಸಂಸ್ಥೆಗಳೂ, ಗ್ರಾಹಕರಿಗೆ ಆ್ಯಪ್ ಒದಗಿಸುವ ಸಂಸ್ಥೆಗಳೂ ದೂರಸಂಪರ್ಕ ಇಲಾಖೆಯಲ್ಲಿ ನೋಂದಣಿ ಮಾಡಿಕೊಳ್ಳಬೇಕು. ಇವೆಲ್ಲದರ ಕೇಂದ್ರ ದಾಖಲೆಯನ್ನು ಸಿ-ಡಾಟ್ ನಿರ್ವಹಿಸುತ್ತದೆ. ಪ್ರಯಾಣಿಕರು ನೋಂದಾಯಿತ ಆ್ಯಪ್ ಒಂದನ್ನು ಮೊದಲೇ ಅಳವಡಿಸಿಕೊಂಡು ಗುರುತು ದೃಢಪಡಿಸಿಕೊಂಡರೆ, ಸಮೀಪದಲ್ಲಿರುವ ವಾಣಿ ಕೇಂದ್ರಗಳು ಅದರಲ್ಲಿ ಕಾಣಿಸುತ್ತವೆ.

2022ರ ವೇಳೆಗೆ ದೇಶದಲ್ಲಿ ಒಂದು ಕೋಟಿ ಸಾರ್ವಜನಿಕ ವೈ-ಫೈ ಕೇಂದ್ರಗಳನ್ನು ಸ್ಥಾಪಿಸುವ ಗುರಿಯನ್ನು 2018ರ ರಾಷ್ಟ್ರೀಯ ಡಿಜಿಟಲ್ ಸಂವಹನ ನೀತಿ ಇಟ್ಟುಕೊಂಡಿತ್ತು. ಆ ಗುರಿ ಈಡೇರಲಿಲ್ಲ. ಸಣ್ಣ ಅಂಗಡಿಯವರಿಗೆ ದುಬಾರಿ ಬಾಡಿಗೆ ಸಂಪರ್ಕ ಪಡೆಯುವುದು ಹೊರೆಯಾಗಿದ್ದುದು ಇದಕ್ಕೆ ಒಂದು ಕಾರಣ. ಮನೆ ಬಳಕೆಯ 200 ಎಂಬಿಪಿಎಸ್ ವರೆಗಿನ ಫೈಬರ್ ಸಂಪರ್ಕವನ್ನು ಇಂಥ ಅಂಗಡಿಗಳಿಗೆ ಸಾಮಾನ್ಯ ದರದ ಎರಡು ಪಟ್ಟಿಗಿಂತ ಹೆಚ್ಚಿಗೆ ಮಾರಬಾರದೆಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್ 2025ರ ಜೂನ್‌ನಲ್ಲಿ ಆದೇಶಿಸಿತು. ಮೊಬೈಲ್ ಡೇಟಾ ಅಗ್ಗವಾಗಿರುವುದೂ ಯೋಜನೆಯ ಹಿನ್ನಡೆಗೆ ಕಾರಣವೇ.

ವಿಮಾನ ನಿಲ್ದಾಣ ಮತ್ತು ವಿಮಾನ

ದೇಶದ ಪ್ರಮುಖ ವಿಮಾನ ನಿಲ್ದಾಣಗಳಲ್ಲಿ ನಿಗದಿತ ಅವಧಿಗೆ ಉಚಿತ ವೈ-ಫೈ ಇದೆ. ಅಂತರರಾಷ್ಟ್ರೀಯ ಮಾರ್ಗಗಳಲ್ಲಿ ವಿಸ್ತಾರ ಸಂಸ್ಥೆ 2024ರಲ್ಲಿ ಉಚಿತ ವೈ-ಫೈ ನೀಡಿತು. ಆ ಸಂಸ್ಥೆಯನ್ನು ತನ್ನಲ್ಲಿ ವಿಲೀನಗೊಳಿಸಿಕೊಂಡ ಏರ್ ಇಂಡಿಯಾ, 2025ರ ಜನವರಿ 1ರಿಂದ ಆಯ್ದ ವಿಮಾನಗಳಲ್ಲಿ ದೇಶೀಯ ಮಾರ್ಗಗಳಿಗೂ ಸೇವೆಯನ್ನು ವಿಸ್ತರಿಸಿತು. ಎಲ್ಲ ವಿಮಾನಗಳಲ್ಲೂ ಈ ಉಪಕರಣವಿಲ್ಲವಾದ್ದರಿಂದ ಹಾರಾಟದ ಅವಧಿಯನ್ನು ನಂಬಿ ಸಭೆ ನಿಗದಿಪಡಿಸುವುದು ತರವಲ್ಲ.

ಕೆಫೆ, ಗ್ರಂಥಾಲಯ, ಬಾಡಿಗೆ ಮೇಜು

ಬೆಂಗಳೂರಿನ ದರ್ಶಿನಿಗಳು ನಿಂತು ತಿಂದು ಹೊರಡುವವರಿಗಾಗಿ ರೂಪುಗೊಂಡವು. ಅಲ್ಲಿ ಲ್ಯಾಪ್‌ಟಾಪ್ ತೆರೆಯಲು ಜಾಗವೂ ಇಲ್ಲ, ವ್ಯವಧಾನವೂ ಇಲ್ಲ. ಕುಳಿತು ಕೆಲಸ ಮಾಡುವವರು ಕೆಫೆಗಳನ್ನೇ ನೆಚ್ಚಬೇಕು. ಗಿರಾಕಿಗಳ ದಟ್ಟಣೆಯ ಹೊತ್ತಿನಲ್ಲಿ ಒಂದು ಕಾಫಿಗೆ ಮೂರು ಗಂಟೆ ಮೇಜು ಹಿಡಿದಿರುವುದು ಸಭ್ಯತೆಯಲ್ಲ. ಪ್ಲಗ್ ಪಾಯಿಂಟ್ ಇದೆಯೇ, ವೈ-ಫೈಗೆ ಕಾಲಮಿತಿ ಇದೆಯೇ ಎಂದು ಕೂರುವ ಮೊದಲೇ ಕೇಳುವುದು ಉಚಿತ. ಇಡೀ ದಿನದ ಕೆಲಸವಿದ್ದರೆ ದಿನದ ಬಾಡಿಗೆಗೆ ಮೇಜು ಕೊಡುವ ಕೋ-ವರ್ಕಿಂಗ್ ಕೇಂದ್ರಗಳೇ ಲೇಸು. ಜನರೇಟರ್, ಮುಚ್ಚಿದ ಸಭಾ ಕೊಠಡಿ, ಮುದ್ರಣ ಸೌಲಭ್ಯ ಇವುಗಳ ಮುಖ್ಯ ಅನುಕೂಲ.

ಹಳ್ಳಿಗಳಲ್ಲಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಗಮನಾರ್ಹ. 2019ರಲ್ಲಿ ಗ್ರಂಥಾಲಯ ಇಲಾಖೆಯಿಂದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ವರ್ಗಾವಣೆಗೊಂಡ ಇವು ಈಗ ‘ಅರಿವು ಕೇಂದ್ರ’ಗಳೆನಿಸಿವೆ. ಬಹಳಷ್ಟು ಕೇಂದ್ರಗಳು ಗಣಕಯಂತ್ರ ಮತ್ತು ಅಂತರ್ಜಾಲ ಪಡೆದಿವೆ. ಆದರೆ ಇವು ಮುಖ್ಯವಾಗಿ ಶಾಲಾ ಮಕ್ಕಳಿಗೆ ಹಾಗೂ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಯುವಜನರಿಗೆ ಮೀಸಲಾದ ತಾಣಗಳು. ಮೇಲ್ವಿಚಾರಕರ ಅನುಮತಿ ಪಡೆದು, ಕಡತ ಕಳುಹಿಸುವಂಥ ತುರ್ತು ಕೆಲಸವನ್ನಷ್ಟೇ ಮುಗಿಸಿಕೊಳ್ಳಬೇಕು. ಅಲ್ಲಿ ಕುಳಿತು ಗಟ್ಟಿಯಾಗಿ ಸಭೆ ನಡೆಸುವುದು ಓದುವವರಿಗೆ ತೊಂದರೆ.

ಅಧ್ಯಾಪಕರು ಮತ್ತು ಸಂಶೋಧನಾ ವಿದ್ಯಾರ್ಥಿಗಳಿಗೆ ‘ಎಡುರೋಮ್’ ಎಂಬ ಜಾಗತಿಕ ವ್ಯವಸ್ಥೆಯಿದೆ. ಸದಸ್ಯತ್ವ ಹೊಂದಿದ ಸಂಸ್ಥೆಯವರು ತಮ್ಮದೇ ಬಳಕೆದಾರ ಹೆಸರಿನಿಂದ ಬೇರೆ ಸದಸ್ಯ ಸಂಸ್ಥೆಗಳ ಆವರಣದಲ್ಲೂ ಸಂಪರ್ಕ ಪಡೆಯಬಹುದು. ಭಾರತದಲ್ಲಿ ಇದನ್ನು ಅರ್ನೆಟ್ ಸಂಸ್ಥೆ ನಡೆಸುತ್ತಿದೆ.

ಎಷ್ಟು ವೇಗ ಬೇಕು?

ಧ್ವನಿ ಕರೆಗೆ 100 ಕೆಬಿಪಿಎಸ್ ಧಾರಾಳ. ಸ್ಪಷ್ಟ ವಿಡಿಯೋ ಕರೆಗೆ ಎರಡೂ ದಿಕ್ಕಿನಲ್ಲಿ ಸುಮಾರು 1.2 ಎಂಬಿಪಿಎಸ್ ಬೇಕು. ಈ ಲೆಕ್ಕದಲ್ಲಿ ಗಂಟೆಗೆ ಒಂದು ಜಿಬಿಗೂ ಸ್ವಲ್ಪ ಹೆಚ್ಚು ಖರ್ಚಾಗುತ್ತದೆ. ಬಹುತೇಕರು ವೇಗ ಪರೀಕ್ಷೆಯಲ್ಲಿ ಡೌನ್‌ಲೋಡ್ ಅಂಕಿಯನ್ನು ಮಾತ್ರ ನೋಡುತ್ತಾರೆ. ಸಭೆಯಲ್ಲಿ ತಮ್ಮ ಮಾತು ಎದುರಿನವರಿಗೆ ತುಂಡುತುಂಡಾಗಿ ಕೇಳಿಸುವುದಕ್ಕೆ ಅಪ್‌ಲೋಡ್ ವೇಗ ಕಡಿಮೆಯಿರುವುದೇ ಹಲವು ಸಲ ಕಾರಣ.

ವೈ-ಫೈ ಸಾಮಾನ್ಯವಾಗಿ 2.4 ಹಾಗೂ 5 ಗಿಗಾಹರ್ಟ್ಸ್ ತರಂಗಗಳಲ್ಲಿ ದೊರೆಯುತ್ತದೆ. ಮೊದಲನೆಯದು ಗೋಡೆ ದಾಟಿ ದೂರ ಹೋಗುತ್ತದೆ, ಆದರೆ ಅಲ್ಲಿ ದಟ್ಟಣೆ ಹೆಚ್ಚು. ಎರಡನೆಯದು ವೇಗವಾದದ್ದು, ವ್ಯಾಪ್ತಿ ಕಡಿಮೆ. ಜನನಿಬಿಡ ಕೆಫೆಯಲ್ಲಿ ರೂಟರ್ ಸಮೀಪ ಕುಳಿತು 5 ಗಿಗಾಹರ್ಟ್ಸ್ ಆಯ್ದುಕೊಂಡರೆ ಅನುಕೂಲ.

ಒಟಿಪಿ ಏಕೆ?

2008ರಲ್ಲಿ ಭಯೋತ್ಪಾದಕರು ಬೀಗವಿಲ್ಲದ ವೈ-ಫೈ ಸಂಪರ್ಕಗಳ ಮೂಲಕ ಇಮೇಲ್ ಕಳುಹಿಸಿದ ಪ್ರಕರಣಗಳು ಬೆಳಕಿಗೆ ಬಂದವು. ಬೆನ್ನಲ್ಲೇ, 2009ರ ಫೆಬ್ರುವರಿಯಲ್ಲಿ, ಸಾರ್ವಜನಿಕ ವೈ-ಫೈ ಬಳಸುವವರ ಗುರುತು ದಾಖಲಿಸಬೇಕೆಂದು ದೂರಸಂಪರ್ಕ ಇಲಾಖೆ ಸೂಚನೆ ಹೊರಡಿಸಿತು. ಮೊಬೈಲ್ ಸಂಖ್ಯೆ ಮತ್ತು ಒಟಿಪಿ ಕೇಳುವ ಪದ್ಧತಿಯ ಮೂಲ ಇದು. ವಿದೇಶದಿಂದ ಊರಿಗೆ ಬರುವ ಕನ್ನಡಿಗರಿಗೆ ಇದು ತೊಡಕಾಗಬಹುದು. ಭಾರತೀಯ ಸಿಮ್ ಇಲ್ಲದಿದ್ದರೆ ಹಲವೆಡೆ ಒಟಿಪಿ ಬರುವುದೇ ಇಲ್ಲ. ಮನೆಯವರ ಫೋನಿನ ಹಾಟ್‌ಸ್ಪಾಟ್ ಅಥವಾ ಸ್ಥಳೀಯ ಸಿಮ್ ಇವರಿಗೆ ಸುಲಭದ ದಾರಿ.

ಲಾಗಿನ್ ಪುಟ ತೆರೆಯದಿದ್ದರೆ ವಿಪಿಎನ್ ಚಾಲನೆಯಲ್ಲಿದೆಯೇ ಎಂದು ಮೊದಲು ನೋಡಬೇಕು. ವಿಪಿಎನ್ ಅಥವಾ ಆಂಡ್ರಾಯ್ಡ್ ಫೋನಿನ ‘ಪ್ರೈವೇಟ್ ಡಿಎನ್‌ಎಸ್’ ಆಯ್ಕೆ ಆ ಪುಟವನ್ನು ತಡೆಯುವುದುಂಟು. ಲಾಗಿನ್ ಮುಗಿಸಿ, ಕೂಡಲೇ ವಿಪಿಎನ್ ಚಾಲನೆ ಮಾಡಿಕೊಂಡು, ಬಳಿಕ ಕೆಲಸ ಆರಂಭಿಸಬೇಕು.

ಸುರಕ್ಷತೆ

2010ರಲ್ಲಿ ಬಿಡುಗಡೆಯಾದ ‘ಫೈರ್‌ಶೀಪ್’ ಎಂಬ ತಂತ್ರಾಂಶ, ಒಂದೇ ವೈ-ಫೈನಲ್ಲಿರುವ ಅಪರಿಚಿತರ ಫೇಸ್‌ಬುಕ್ ಖಾತೆಯೊಳಗೆ ಎಷ್ಟು ಸುಲಭವಾಗಿ ನುಗ್ಗಬಹುದೆಂಬುದನ್ನು ತೋರಿಸಿ ಜಗತ್ತನ್ನು ಬೆಚ್ಚಿಬೀಳಿಸಿತು. ಆನಂತರ ಜಾಲತಾಣಗಳು ಗೂಢಲಿಪಿಯ ಸಂಪರ್ಕಕ್ಕೆ ಬದಲಾದವು. ಇಂದು ಹೆಚ್ಚಿನ ಅಪಾಯ ನಕಲಿ ವೈ-ಫೈನಿಂದ. ವಿಮಾನ ನಿಲ್ದಾಣದ ಹೆಸರಿನಲ್ಲೇ ಮತ್ತೊಂದು ವೈ-ಫೈ ಸೃಷ್ಟಿಸಿ, ಲಾಗಿನ್ ಪುಟದಲ್ಲಿ ಪ್ರಯಾಣಿಕರ ಇಮೇಲ್ ಪಾಸ್‌ವರ್ಡ್ ಕದಿಯಲಾಗುತ್ತಿದೆ ಎಂಬ ಆರೋಪದಲ್ಲಿ ಆಸ್ಟ್ರೇಲಿಯಾ ಪೊಲೀಸರು 2024ರಲ್ಲಿ ಒಬ್ಬನ ವಿರುದ್ಧ ಪ್ರಕರಣ ದಾಖಲಿಸಿದರು. ಈ ಹಿನ್ನೆಲೆಯಲ್ಲಿ ಕೆಳಗಿನ ಕ್ರಮಗಳು ಅಗತ್ಯ:

* ವೈ-ಫೈನ ಸರಿಯಾದ ಹೆಸರನ್ನು ಸಿಬ್ಬಂದಿಯಿಂದ ಅಥವಾ ಫಲಕದಿಂದ ಖಚಿತಪಡಿಸಿಕೊಳ್ಳಬೇಕು.
* ಲಾಗಿನ್ ಪುಟ ಇಮೇಲ್ ಪಾಸ್‌ವರ್ಡ್ ಅಥವಾ ಯುಪಿಐ ಪಿನ್ ಕೇಳಿದರೆ, ಯಾವುದಾದರೂ ತಂತ್ರಾಂಶ ಇಳಿಸಿಕೊಳ್ಳುವಂತೆ ಒತ್ತಾಯಿಸಿದರೆ ತಕ್ಷಣ ಹೊರಬರಬೇಕು.
* ಭದ್ರತಾ ಪ್ರಮಾಣಪತ್ರದ ಎಚ್ಚರಿಕೆ ಕಾಣಿಸಿದಾಗ ಅದನ್ನು ದಾಟಿ ಮುಂದುವರಿಯಬಾರದು.
* ಕಚೇರಿ ಕಡತಗಳಿಗೆ ಕಚೇರಿಯ ವಿಪಿಎನ್ ಬಳಸಬೇಕು. ಬ್ಯಾಂಕ್ ವ್ಯವಹಾರಕ್ಕೆ ಮೊಬೈಲ್ ಡೇಟಾ ಉತ್ತಮ.
* ಕಡತ ಹಂಚಿಕೆ ಹಾಗೂ ತಾನಾಗಿಯೇ ಸಂಪರ್ಕಗೊಳ್ಳುವ ಆಯ್ಕೆಯನ್ನು ನಿಲ್ಲಿಸಬೇಕು. ಕೆಲಸ ಮುಗಿದ ಮೇಲೆ ಆ ಹೆಸರನ್ನು ಪಟ್ಟಿಯಿಂದ ಅಳಿಸಬೇಕು.
* ಬೆನ್ನು ಗೋಡೆಯ ಕಡೆಗಿರುವಂತೆ ಕುಳಿತುಕೊಳ್ಳಬೇಕು. ಗ್ರಾಹಕರ ಹೆಸರು, ಮೊತ್ತಗಳನ್ನು ಸಾರ್ವಜನಿಕವಾಗಿ ಗಟ್ಟಿ ದನಿಯಲ್ಲಿ ಹೇಳಬಾರದು.

ಸಂಪರ್ಕವೇ ಇಲ್ಲದೆಡೆ

ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್ ವರೆಗಿನ ಸುಮಾರು 55 ಕಿಲೋಮೀಟರ್ ಘಟ್ಟದ ರೈಲು ಮಾರ್ಗದಲ್ಲಿ 57 ಸುರಂಗಗಳಿವೆ. ಕಾಡು, ಕಣಿವೆ, ಸುರಂಗಗಳ ನಡುವೆ ಮೊಬೈಲ್ ಸಿಗ್ನಲ್ ನೆಚ್ಚುವಂತಿಲ್ಲ. ಇಂಥ ಮಾರ್ಗದಲ್ಲಿ ಪ್ರಯಾಣಿಸುವವರು ಬೇಕಾದ ಕಡತಗಳನ್ನು ಮೊದಲೇ ಇಳಿಸಿಟ್ಟುಕೊಂಡು, ಸಂಪರ್ಕವಿಲ್ಲದೆ ಮಾಡಬಹುದಾದ ಬರವಣಿಗೆ, ಪರಿಶೀಲನೆಯನ್ನು ಆ ಹೊತ್ತಿಗೆ ಇರಿಸಿಕೊಳ್ಳಬೇಕು. ಎರಡು ಬೇರೆ ಬೇರೆ ಕಂಪನಿಗಳ ಸಿಮ್ ಇದ್ದರೆ ಒಂದು ಕೈಕೊಟ್ಟಾಗ ಇನ್ನೊಂದು ನೆರವಿಗೆ ಬರುತ್ತದೆ. ಫೋನಿನ ಡೇಟಾವನ್ನು ಯುಎಸ್‌ಬಿ ತಂತಿಯ ಮೂಲಕ ಲ್ಯಾಪ್‌ಟಾಪಿಗೆ ಕೊಟ್ಟರೆ ಫೋನಿನ ಬ್ಯಾಟರಿಯೂ ಉಳಿಯುತ್ತದೆ.

ಕೊಡಗು, ಚಿಕ್ಕಮಗಳೂರು, ಉತ್ತರ ಕನ್ನಡದ ಹೋಂಸ್ಟೇಗಳಲ್ಲಿ ‘ವೈ-ಫೈ ಇದೆ’ ಎಂಬ ಒಂದು ಮಾತನ್ನು ನಂಬಿ ಕೆಲಸದ ವಾರವನ್ನು ಗೊತ್ತುಪಡಿಸುವುದು ಸರಿಯಲ್ಲ. ಮಳೆಗಾಲದಲ್ಲಿ ಮರ ಬಿದ್ದು ವಿದ್ಯುತ್ ಹೋದಾಗ ರೂಟರ್ ಕೂಡ ಆರಿಹೋಗುತ್ತದೆ. ಬಂದಿರುವುದು ಫೈಬರ್ ಸಂಪರ್ಕವೇ ಅಥವಾ ಮೊಬೈಲ್ ಸಿಮ್ ಆಧಾರಿತವೇ, ರೂಟರ್‌ಗೆ ಯುಪಿಎಸ್ ಇದೆಯೇ, ಕೊಠಡಿಯೊಳಗೆ ಸಿಗ್ನಲ್ ಬರುತ್ತದೆಯೇ, ಆ ಜಾಗದಲ್ಲಿ ಯಾವ ಕಂಪನಿಯ ಮೊಬೈಲ್ ಸಿಗ್ನಲ್ ಚೆನ್ನಾಗಿದೆ ಎಂಬ ನಾಲ್ಕು ಪ್ರಶ್ನೆಗಳನ್ನು ಮುಂಗಡ ಕೊಡುವ ಮೊದಲೇ ಕೇಳಬೇಕು. ಸಾಧ್ಯವಾದರೆ ಅಲ್ಲಿ ನಡೆಸಿದ ವೇಗ ಪರೀಕ್ಷೆಯ ಚಿತ್ರವನ್ನು ತರಿಸಿಕೊಳ್ಳಬೇಕು. ಮುಖ್ಯ ಸಭೆಯಿರುವ ದಿನ ಸಮೀಪದ ತಾಲ್ಲೂಕು ಕೇಂದ್ರದಲ್ಲೋ ರೈಲು ನಿಲ್ದಾಣವಿರುವ ಊರಿನಲ್ಲೋ ಒಂದು ಬದಲಿ ಸ್ಥಳವನ್ನು ಗುರುತಿಸಿಟ್ಟುಕೊಂಡರೆ, ಸಂಪರ್ಕ ಕಡಿದರೂ ಕೆಲಸ ಕೆಡುವುದಿಲ್ಲ.