ಕೆಪ್ರೋಬ್ಸ್

ಕೆಪ್ರೋಬ್ಸ್ ಎಂಬುದು ಲಿನಕ್ಸ್ ಕಾರ್ಯಾಚರಣಾ ವ್ಯವಸ್ಥೆಯ ತಿರುಳಾದ ಕರ್ನಲ್‌ನಲ್ಲಿ ದೋಷಗಳನ್ನು ಪತ್ತೆಹಚ್ಚಲು ಬಳಸುವ ಸೌಲಭ್ಯ. ಕರ್ನಲ್ಲನ್ನು ಮರುಸಂಕಲಿಸದೆ, ಗಣಕವನ್ನು ಮರುಪ್ರಾರಂಭಿಸದೆ, ಅದರ ಬಹುತೇಕ ಯಾವುದೇ ಆದೇಶದ ಬಳಿ ತಪಾಸಣಾ ಬಿಂದುವನ್ನು ಇಡಲು ಇದು ಅವಕಾಶ ಕೊಡುತ್ತದೆ. ಇದರ ಆರಂಭಿಕ ಅಭಿವೃದ್ಧಿಯಲ್ಲಿ ಬೆಂಗಳೂರಿನ ಐಬಿಎಂ ಎಂಜಿನಿಯರುಗಳ ಪಾತ್ರ ಪ್ರಮುಖವಾದುದು.

ಹಿನ್ನೆಲೆ

ಸಾಮಾನ್ಯ ತಂತ್ರಾಂಶವೊಂದರಲ್ಲಿ ದೋಷವಿದ್ದರೆ ಡೀಬಗರ್ ಅದನ್ನು ನಿಲ್ಲಿಸಿ ಪರಿಶೀಲಿಸಬಲ್ಲದು. ಏಕೆಂದರೆ ಅದರ ಕೆಳಗೆ ಕರ್ನಲ್ ಇದೆ. ಕರ್ನಲ್‌ನ ಕೆಳಗೆ ಅಂತಹ ಆಸರೆಯಿಲ್ಲ. ಅದನ್ನು ನಿಲ್ಲಿಸಿದರೆ ಕೀಲಿಮಣೆ, ಜಾಲ, ಡಿಸ್ಕ್ ಎಲ್ಲವೂ ನಿಲ್ಲುತ್ತವೆ. ಕಾಲದ ಅಂತರವನ್ನೇ ಅವಲಂಬಿಸಿದ ದೋಷಗಳಂತೂ ನಿಲ್ಲಿಸಿದೊಡನೆ ಮಾಯವಾಗಿಬಿಡುತ್ತವೆ.

ಐಬಿಎಂನ ಡಿಪ್ರೋಬ್ಸ್ ಯೋಜನೆಯಿಂದ ಬೆಳೆದುಬಂದ ಕೆಪ್ರೋಬ್ಸ್‌ನ ಮೊದಲ ರೂಪವನ್ನು ವಂಶಿ ಕೃಷ್ಣ ಎಸ್. ರಚಿಸಿದರು, ಅದರಲ್ಲಿ ರಸ್ಟಿ ರಸೆಲ್ ಅವರ ಕೊಡುಗೆಯೂ ಇದೆ. 2004ರಲ್ಲಿ ಪ್ರಸನ್ನ ಎಸ್. ಪಂಚಮುಖಿ ಅದನ್ನು ಪರಿಷ್ಕರಿಸಿದರು. ಸುಪರ್ಣಾ ಭಟ್ಟಾಚಾರ್ಯ ಫಂಕ್ಷನ್ನಿಗೆ ಬರುವ ಮೌಲ್ಯಗಳನ್ನು ಓದುವ ಜೆಪ್ರೋಬ್ಸ್ ಸೇರಿಸಿದರು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಬಿಡುಗಡೆಯಾದ 2.6.9 ಆವೃತ್ತಿಯಲ್ಲಿ ಕೆಪ್ರೋಬ್ಸ್ ಮುಖ್ಯ ಕರ್ನಲ್ಲನ್ನು ಸೇರಿತು. ಅನಂತ್ ಎನ್. ಮಾವಿನಕಾಯನಹಳ್ಳಿ ಮತ್ತು ಅನಿಲ್ ಎಸ್. ಕೇಶವಮೂರ್ತಿ ಅವರ ಹೆಸರುಗಳು ಹಿಂದೆ ಇದರ ನಿರ್ವಾಹಕರ ಪಟ್ಟಿಯಲ್ಲಿ ದಾಖಲಾಗಿದ್ದವು.

ಕಾರ್ಯವಿಧಾನ

ಎಕ್ಸ್86 ಸಂಸ್ಕಾರಕದಲ್ಲಿ ಕೆಪ್ರೋಬ್ಸ್ ಆಯ್ದ ಆದೇಶದ ಪ್ರತಿಯೊಂದನ್ನು ಬೇರೆಡೆ ಉಳಿಸಿಕೊಂಡು, ಮೂಲದ ಮೊದಲ ಬೈಟಿನ ಜಾಗದಲ್ಲಿ ಒಂದೇ ಬೈಟಿನ ನಿಲುಗಡೆ ಆದೇಶವನ್ನು ಬರೆಯುತ್ತದೆ. ಸಂಸ್ಕಾರಕ ಅಲ್ಲಿಗೆ ಬಂದಾಗ ಟ್ರ್ಯಾಪ್ ಉಂಟಾಗಿ, ಬಳಕೆದಾರನ ತಪಾಸಣಾ ಫಂಕ್ಷನ್ ನಡೆಯುತ್ತದೆ. ನಂತರ ಉಳಿಸಿಟ್ಟ ಪ್ರತಿಯನ್ನು ಒಂಟಿ ಹೆಜ್ಜೆಯಲ್ಲಿ ನಡೆಸಿ, ಕರ್ನಲ್ ತನ್ನ ದಾರಿಯಲ್ಲಿ ಮುಂದುವರಿಯುತ್ತದೆ. ಮೂಲ ಆದೇಶವನ್ನು ಕ್ಷಣಕಾಲ ಮರಳಿ ಬರೆದು ನಡೆಸುವುದು ಸರಳವೆನಿಸಬಹುದು. ಆದರೆ ಆ ಕ್ಷಣದಲ್ಲಿ ಮತ್ತೊಂದು ಸಂಸ್ಕಾರಕ ತಪಾಸಣೆಗೆ ಸಿಗದೆ ದಾಟಿಹೋಗುತ್ತದೆ.

2005ರಲ್ಲಿ ಸೇರಿದ ಹಿಂದಿರುಗು ತಪಾಸಣೆಯು ಫಂಕ್ಷನ್ ಕೊಡುವ ಫಲಿತಾಂಶವನ್ನು ತೋರಿಸುತ್ತದೆ. ಭದ್ರತಾ ಘಟಕಗಳ ಪರೀಕ್ಷೆಯಲ್ಲಿ ಇದು ವಿಶೇಷವಾಗಿ ಉಪಯುಕ್ತ. ಉದಾಹರಣೆಗೆ, ಎಸ್‌ಇಲಿನಕ್ಸ್ ಕಡತವೊಂದನ್ನು ತೆರೆಯಲು ಬಿಡದಿದ್ದರೆ, ಅನುಮತಿ ಪರಿಶೀಲಿಸುವ ಸಾಲುಸಾಲು ಫಂಕ್ಷನ್‌ಗಳಲ್ಲಿ ಮೈನಸ್ 13 ಎಂಬ ನಿರಾಕರಣೆಯ ಸಂಖ್ಯೆ ಮೊದಲು ಎಲ್ಲಿ ಹುಟ್ಟಿತೆಂದು ನೋಡಬಹುದು. 2015ರ 4.1 ಆವೃತ್ತಿಯಿಂದ ಇಬಿಪಿಎಫ್ ಕ್ರಮವಿಧಿಗಳನ್ನೂ ಈ ಬಿಂದುಗಳಿಗೆ ಜೋಡಿಸಬಹುದಾಗಿದೆ.

ಮಿತಿಗಳು ಮತ್ತು ಭದ್ರತೆ

ಟ್ರ್ಯಾಪನ್ನು ನಿರ್ವಹಿಸುವ ಭಾಗದಲ್ಲೇ ತಪಾಸಣಾ ಬಿಂದುವನ್ನಿಟ್ಟರೆ ಅದು ತನ್ನನ್ನೇ ಮತ್ತೆ ಮತ್ತೆ ಕರೆದುಕೊಂಡು ಗಣಕ ಕುಸಿಯುತ್ತದೆ. ಆದ್ದರಿಂದ ಕೆಪ್ರೋಬ್ಸ್‌ನ ಸ್ವಂತ ಸಂಕೇತವೂ ಸೇರಿದಂತೆ ಕೆಲವು ಫಂಕ್ಷನ್‌ಗಳನ್ನು ನಿಷೇಧಿತ ಪಟ್ಟಿಯಲ್ಲಿ ಇರಿಸಲಾಗಿದೆ.

ಬಳಸಲು ನಿರ್ವಾಹಕ ಅಧಿಕಾರ ಅಗತ್ಯವಾದರೂ, ಆ ಅಧಿಕಾರ ದಾಳಿಕೋರನ ಕೈಸೇರಿದರೆ ಇದೇ ಸೌಲಭ್ಯ ಅವನಿಗೂ ದೊರೆಯುತ್ತದೆ. 2020ರ 5.7 ಆವೃತ್ತಿಯಲ್ಲಿ, ಕರ್ನಲ್‌ನ ಒಳಹೆಸರುಗಳ ವಿಳಾಸ ಹುಡುಕುವ ಫಂಕ್ಷನ್ ಹೊರಗಿನ ಮಾಡ್ಯೂಲ್‌ಗಳಿಗೆ ನೇರವಾಗಿ ಸಿಗದಂತೆ ಮಾಡಲಾಯಿತು. ಆದರೆ ಆ ಫಂಕ್ಷನ್ನಿನ ಮೇಲೆಯೇ ಕೆಪ್ರೋಬ್ ಇಟ್ಟು ಅದರ ವಿಳಾಸ ಪಡೆಯುವ ಉಪಾಯವನ್ನು ರೂಟ್‌ಕಿಟ್ ಬರೆಯುವವರು ಬೇಗನೆ ಕಂಡುಕೊಂಡರು. ಅದಕ್ಕೂ ಮುನ್ನ, 2019ರ 5.4 ಆವೃತ್ತಿಯಲ್ಲಿ ಬಂದ ಲಾಕ್‌ಡೌನ್ ಘಟಕವು ತನ್ನ ಗೋಪ್ಯತಾ ಸ್ಥಿತಿಯಲ್ಲಿ ಬಳಕೆದಾರರು ಕೆಪ್ರೋಬ್ ಬಿಂದುಗಳನ್ನು ಇಡುವುದನ್ನು ತಡೆಯುತ್ತದೆ. ಆ ಸ್ಥಿತಿಯಲ್ಲಿ ದೋಷ ಹುಡುಕುವ ನಿರ್ವಾಹಕನಿಗೂ ಅವು ಲಭ್ಯವಿಲ್ಲ.