ಅಡುಗೆಮನೆಯಿಂದ ಬಂದ ಉಪಮೆಗಳು

ಮುಂಡಗೋಡ ತಾಲ್ಲೂಕಿನ ಸನವಳ್ಳಿ ಜಲಾಶಯದ ದಂಡೆಯಲ್ಲಿ ನಿಂತು ಯಾರಾದರೂ 'ನೀರು ಕನ್ನಡಿಯಂತೆ ಹೊಳೆಯುತ್ತಿದೆ' ಎಂದರೆ, ಅವರಿಗೆ ಗೊತ್ತಿಲ್ಲದೆಯೇ ಒಂದು ಅಲಂಕಾರ ಆಗಿಹೋಗಿರುತ್ತದೆ. ನೀರು ಉಪಮೇಯ, ಕನ್ನಡಿ ಉಪಮಾನ, 'ಅಂತೆ' ಎಂಬುದು ವಾಚಕ, ಹೊಳೆಯುವುದು ಸಮಾನಧರ್ಮ. ಇದು ಉಪಮೆ. 'ಅಂತೆ'ಯನ್ನು ತೆಗೆದು 'ಈ ನೀರೇ ನಮ್ಮೂರ ಕನ್ನಡಿ' ಎಂದುಬಿಟ್ಟರೆ ಎರಡೂ ಒಂದೇ ಆದವು; ಅದು ರೂಪಕ. ಹೈಸ್ಕೂಲಿನ ಮಕ್ಕಳು ಪರೀಕ್ಷೆಗಾಗಿ ಉರುಹೊಡೆಯುವುದು ಇಷ್ಟನ್ನೇ.

ಆದರೆ ಕನ್ನಡದಲ್ಲಿ ಈ ವಿಚಾರ ಬಹಳ ಹಳೆಯದು. ನಮಗೆ ಸಿಕ್ಕಿರುವ ಅತ್ಯಂತ ಹಳೆಯ ಕನ್ನಡ ಗ್ರಂಥವೇ ಅಲಂಕಾರಶಾಸ್ತ್ರದ್ದು. ಕ್ರಿ.ಶ. 850ರ ಸುಮಾರಿನಲ್ಲಿ, ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ ಶ್ರೀವಿಜಯ ರಚಿಸಿದ 'ಕವಿರಾಜಮಾರ್ಗ' ಅದು. ಕೆ.ಬಿ. ಪಾಠಕರು 1898ರಲ್ಲಿ ಸಂಪಾದಿಸಿ ಪ್ರಕಟಿಸಿದರು. ದಂಡಿಯ 'ಕಾವ್ಯಾದರ್ಶ' ಅದಕ್ಕೆ ಆಧಾರ. ಹಾಗೆಂದು ಬರೀ ಅನುವಾದ ಎಂದು ತಳ್ಳಿಹಾಕುವುದು ಸರಿಯಲ್ಲ. ತಿರುಳ್ಗನ್ನಡದ ನೆಲೆ ಎಂದು ಅದು ಹೆಸರಿಸುವ ಊರುಗಳಲ್ಲಿ ಪುಲಿಗೆರೆ, ಅಂದರೆ ಇಂದಿನ ಲಕ್ಷ್ಮೇಶ್ವರವೂ ಒಂದು. ಮುಂಡಗೋಡದಿಂದ ಪೂರ್ವಕ್ಕೆ ಹೋದರೆ ಅದೇನು ಬಹಳ ದೂರವಲ್ಲ.

ಸಂಸ್ಕೃತವನ್ನೂ ಕನ್ನಡವನ್ನೂ ವಿವೇಚನೆಯಿಲ್ಲದೆ ಬೆರೆಸಿ ಸಮಾಸ ಮಾಡಬಾರದು ಎಂಬುದು ಆ ಗ್ರಂಥದ ಕಟ್ಟುನಿಟ್ಟು. ಇದನ್ನು ಹೇಳಲು ಶಾಸ್ತ್ರಕಾರ ಬಳಸಿದ್ದು ಒಂದು ಹೋಲಿಕೆ: ಕುದಿಯುವ ಹಾಲಿಗೆ ಮಜ್ಜಿಗೆಯ ಹನಿ ಬಿದ್ದಂತೆ! ಹಾಲು ಒಡೆಯುತ್ತದೆಂದು ಯಾವ ಗೃಹಿಣಿಗೆ ಬೇರೆ ಹೇಳಬೇಕು? ಒಂದು ಪುಟದ ವಿವರಣೆಯ ಕೆಲಸವನ್ನು ಒಂದು ಉಪಮೆ ಮಾಡಿದೆ.

ಇದಾಗಿ ಎರಡೂವರೆ ಶತಮಾನದ ಮೇಲೆ, ಇಂದಿನ ಗದಗ ಜಿಲ್ಲೆಯ ಮುಳಗುಂದದಲ್ಲಿ ಜೈನಮುನಿ ನಯಸೇನ 'ಧರ್ಮಾಮೃತ' ಬರೆದ. ಹನ್ನೆರಡನೆಯ ಶತಮಾನದ ಆರಂಭದ ಕೃತಿ. ಅವನಿಗೂ ಅದೇ ಜಗಳ, ಅವನೂ ಹೊಕ್ಕಿದ್ದು ಅಡುಗೆಮನೆಯನ್ನೇ. ಕನ್ನಡಕ್ಕೆ ಸಂಸ್ಕೃತ ಬೆರೆಸುವುದೆಂದರೆ ತುಪ್ಪಕ್ಕೆ ಎಣ್ಣೆ ಬೆರೆಸಿದಂತೆ ಎಂದು ಗದರಿದ. ಒಂದು ಉಪಮಾನ ಸಾಲದೆಂದು ಅವನು ಒಂದರ ಹಿಂದೊಂದು ಪೋಣಿಸುತ್ತಾನೆ. ಇದಕ್ಕೆ ಮಾಲೋಪಮೆ ಎಂದು ಹೆಸರು. ಅವೆಲ್ಲ ಹೆಚ್ಚಾಗಿ ಜನರ ದಿನಬಳಕೆಯಿಂದ ಎತ್ತಿಕೊಂಡವು. ಧರ್ಮದ ಕಥೆ ಜನಸಾಮಾನ್ಯರಿಗೆ ಮುಟ್ಟಬೇಕಿತ್ತಲ್ಲ!

ಮುಂದೆ ರೂಪಕದಲ್ಲಿ ಕುಮಾರವ್ಯಾಸ ಚಕ್ರವರ್ತಿ ಎನಿಸಿಕೊಂಡ, ಲಕ್ಷ್ಮೀಶ 'ಉಪಮಾಲೋಲ'ನಾದ. ಅವರ ಕೀರ್ತಿಯ ಎದುರು ಮುಳಗುಂದದ ಮುನಿಯ ಹೆಸರು ಸ್ವಲ್ಪ ಮಂಕಾಯಿತು. ಅಂದಹಾಗೆ, ಎಣ್ಣೆ ಬೆರೆಸಬೇಡಿ ಎಂದ ನಯಸೇನನ ತುಪ್ಪದಲ್ಲೂ ಸಂಸ್ಕೃತದ ಎಣ್ಣೆ ಸಾಕಷ್ಟಿದೆ.