ಡೀಸೆಲ್ ಕಾರಿನ ಇಜಿಆರ್ ಮುಚ್ಚಿಸುವ ಮುನ್ನ ಇಷ್ಟು ತಿಳಿದಿರಲಿ

ಐದಾರು ವರ್ಷ ಓಡಿದ ಡೀಸೆಲ್ ಕಾರು ಒಂದು ದಿನ ಮೊದಲಿನಂತೆ ಎಳೆಯುವುದಿಲ್ಲ. ಸಿಗ್ನಲ್‌ನಲ್ಲಿ ನಿಂತಾಗ ಎಂಜಿನ್ ನಡುಗುತ್ತದೆ, ಆಕ್ಸಿಲರೇಟರ್ ಒತ್ತಿದರೆ ಹಿಂದೆ ಕಪ್ಪು ಹೊಗೆ, ಡ್ಯಾಶ್‌ಬೋರ್ಡಿನಲ್ಲಿ ಹಳದಿ ಬಣ್ಣದ ಚೆಕ್ ಎಂಜಿನ್ ದೀಪ. ಗ್ಯಾರೇಜಿಗೆ ಒಯ್ದರೆ ಸ್ಕ್ಯಾನರ್ ಹಾಕಿ ನೋಡಿದ ಮೆಕ್ಯಾನಿಕ್ ಹೇಳುವುದು ಒಂದೇ ಮಾತು: ಇಜಿಆರ್ ಹೋಗಿದೆ. ಹೊಸ ವಾಲ್ವ್ ಹಾಕಿಸಿದರೆ ದುಬಾರಿ, ಒಂದು ತಗಡು ಇಟ್ಟು ಮುಚ್ಚಿಬಿಟ್ಟರೆ ಅಗ್ಗ. ಜೊತೆಗೆ ಪಿಕಪ್ ಹೆಚ್ಚುತ್ತದೆ, ಮೈಲೇಜ್ ಹೆಚ್ಚುತ್ತದೆ ಎಂಬ ಭರವಸೆ ಬೇರೆ.

ಈ ಮಾತಿನಲ್ಲಿ ಸ್ವಲ್ಪ ನಿಜವಿದೆ. ಆದರೆ ಹೇಳದೆ ಬಿಟ್ಟದ್ದೇ ಹೆಚ್ಚು.

ಇಜಿಆರ್ ಎಂದರೇನು, ಅದನ್ನೇಕೆ ಇಟ್ಟಿದ್ದಾರೆ?

ಎಂಜಿನ್ ಹೊರಬಿಡುವ ಹೊಗೆಯಲ್ಲಿ ಒಂದು ಪಾಲನ್ನು ಸೈಲೆನ್ಸರ್ ಕಡೆಗೆ ಬಿಡದೆ ಮತ್ತೆ ಎಂಜಿನ್ನಿನ ಒಳಕ್ಕೇ ಕಳಿಸುವ ಏರ್ಪಾಡಿಗೆ ಎಕ್ಸಾಸ್ಟ್ ಗ್ಯಾಸ್ ರೀಸರ್ಕ್ಯುಲೇಷನ್, ಚಿಕ್ಕದಾಗಿ ಇಜಿಆರ್ ಎನ್ನುತ್ತಾರೆ. ಹೊಗೆಯನ್ನು ಎಷ್ಟು ಬಿಡಬೇಕೆಂದು ನಿಯಂತ್ರಿಸಲು ಒಂದು ವಾಲ್ವ್ ಇರುತ್ತದೆ. ಈಗಿನ ಬಹುತೇಕ ಎಂಜಿನ್‌ಗಳಲ್ಲಿ ಬಿಸಿ ಹೊಗೆಯನ್ನು ಕೂಲೆಂಟ್ ನೀರಿನಿಂದ ತಣಿಸುವ ಕೂಲರ್ ಕೂಡ ಇರುತ್ತದೆ.

ಒಮ್ಮೆ ಉರಿದ ಹೊಗೆಯನ್ನು ಮತ್ತೆ ಒಳಗೆ ಬಿಡುವುದು ಕೇಳಲು ವಿಚಿತ್ರ ಅನಿಸಬಹುದು. ಕಾರಣ ಗಾಳಿಯಲ್ಲೇ ಇದೆ. ಗಾಳಿಯ ಮುಕ್ಕಾಲು ಪಾಲಿಗಿಂತ ಹೆಚ್ಚು ನೈಟ್ರೋಜನ್. ಸಾಮಾನ್ಯವಾಗಿ ಅದು ಯಾರ ಗೋಜಿಗೂ ಹೋಗುವುದಿಲ್ಲ. ಆದರೆ ಸಿಲಿಂಡರಿನ ಒಳಗಿನ ಉರಿ ವಿಪರೀತ ಬಿಸಿಯಾದಾಗ ಅದು ಆಕ್ಸಿಜನ್ ಜೊತೆ ಸೇರಿ ನೈಟ್ರೋಜನ್ ಆಕ್ಸೈಡ್‌ಗಳಾಗುತ್ತದೆ. ವಾಹನ ಲೋಕದಲ್ಲಿ ಇದನ್ನು ನಾಕ್ಸ್ ಎನ್ನುತ್ತಾರೆ. ಮರಳಿ ಬಂದ ಹೊಗೆಯಲ್ಲಿ ಆಕ್ಸಿಜನ್ ಕಡಿಮೆ, ಶಾಖ ಹೀರುವ ಇಂಗಾಲದ ಡೈಆಕ್ಸೈಡ್ ಮತ್ತು ನೀರಾವಿ ಹೆಚ್ಚು. ಅದು ಬೆರೆತರೆ ಉರಿಯ ತಾಪ ಇಳಿಯುತ್ತದೆ, ನಾಕ್ಸ್ ಹುಟ್ಟುವುದೇ ಕಡಿಮೆಯಾಗುತ್ತದೆ. 1970ರ ದಶಕದಲ್ಲಿ ಅಮೆರಿಕದ ಪೆಟ್ರೋಲ್ ಕಾರುಗಳಲ್ಲಿ ಬಳಕೆಗೆ ಬಂದ ಈ ವಿಧಾನ ಆಮೇಲೆ ಡೀಸೆಲ್ ಕಾರುಗಳಿಗೂ ಬಂತು.

ಕಟ್ಟಿಕೊಳ್ಳುವುದು ಯಾಕೆ?

ಡೀಸೆಲ್ ಹೊಗೆಯಲ್ಲಿ ಮಸಿ ಇದ್ದೇ ಇರುತ್ತದೆ. ಎಂಜಿನ್ನಿನ ಕೆಳಭಾಗದಿಂದ ಬರುವ ಆಯಿಲ್ ಆವಿಯೂ ಇದೇ ಇನ್‌ಟೇಕ್ ದಾರಿಗೆ ಸೇರುತ್ತದೆ. ಎರಡೂ ಬೆರೆತು ಟಾರಿನಂತೆ ಅಂಟಿಕೊಳ್ಳುತ್ತವೆ. ವರ್ಷಗಳು ಕಳೆದಂತೆ ವಾಲ್ವ್ ಸರಿಯಾಗಿ ಮುಚ್ಚುವುದಿಲ್ಲ, ಇಲ್ಲವೇ ತೆರೆಯುವುದಿಲ್ಲ. ಇನ್‌ಟೇಕ್ ಮ್ಯಾನಿಫೋಲ್ಡ್ ಬಿಚ್ಚಿ ನೋಡಿದರೆ ಕೆಲವೊಮ್ಮೆ ಗಾಳಿಯ ದಾರಿ ಅರ್ಧಕ್ಕರ್ಧ ಕಟ್ಟಿಹೋಗಿರುತ್ತದೆ.

ಇದು ಬೇಗ ಕಾಡುವುದು ನಗರದಲ್ಲೇ ಓಡುವ ಕಾರುಗಳನ್ನು. ಅಂಧೇರಿಯಿಂದ ಬಾಂದ್ರಾಕ್ಕೆ ನಿಂತು ನಿಂತು ಹೋಗುವ, ಹಿಂಜವಡಿಯ ಟ್ರಾಫಿಕ್ಕಿನಲ್ಲಿ ತೆವಳುವ ಕಾರಿನ ಎಂಜಿನ್ ಪೂರ್ತಿ ಬಿಸಿಯೇರುವುದಿಲ್ಲ. ಕಡಿಮೆ ವೇಗದಲ್ಲಿ ಇಜಿಆರ್ ಹೆಚ್ಚು ಹೊತ್ತು ತೆರೆದಿರುತ್ತದೆ, ಮಸಿಯೂ ಹೆಚ್ಚು ಕೂರುತ್ತದೆ. ಅದೇ ಕಾರು ಹಬ್ಬಕ್ಕೆಂದು ಪುಣೆ, ಬೆಳಗಾವಿ ದಾಟಿ ಹುಬ್ಬಳ್ಳಿಯವರೆಗೆ ಹೆದ್ದಾರಿಯಲ್ಲಿ ಓಡಿ ಬಂದ ಮೇಲೆ ಸ್ವಲ್ಪ ಹಗುರಾದಂತೆ ಕಾಣುವುದುಂಟು. ಆದರೆ ಒಮ್ಮೆ ಗಟ್ಟಿಯಾಗಿ ಕಟ್ಟಿಕೊಂಡ ಮಸಿ ಒಂದು ಪ್ರಯಾಣದಿಂದ ಬಿಡುವುದಿಲ್ಲ.

ವಾಲ್ವ್ ತೆರೆದ ಸ್ಥಿತಿಯಲ್ಲೇ ಸಿಕ್ಕಿಕೊಂಡರೆ ಎಂಜಿನ್ನಿಗೆ ಉಸಿರು ಸಾಲದು. ಕಪ್ಪು ಹೊಗೆ, ನಡುಕ, ಪಿಕಪ್ ಇಲ್ಲದಿರುವುದು ಇದರ ಲಕ್ಷಣ. ಮುಚ್ಚಿದ ಸ್ಥಿತಿಯಲ್ಲಿ ಸಿಕ್ಕಿಕೊಂಡರೆ ಚಾಲಕನಿಗೆ ಬಹಳ ಸಲ ಏನೂ ಗೊತ್ತಾಗುವುದಿಲ್ಲ. ಎಂಜಿನ್ ದೀಪ ಹೊತ್ತಿದರೆ ಉಂಟು. ಸ್ಕ್ಯಾನರ್‌ನಲ್ಲಿ ಪಿ0401 ಎಂದು ಬಂದರೆ ಇಜಿಆರ್ ಹರಿವು ಸಾಲದು, ಪಿ0402 ಎಂದರೆ ಹರಿವು ಅತಿಯಾಗಿದೆ ಎಂದರ್ಥ. ಕೋಡ್ ಬಂದ ಮಾತ್ರಕ್ಕೆ ವಾಲ್ವೇ ಹಾಳು ಎಂದಲ್ಲ. ವೈರಿಂಗ್, ವ್ಯಾಕ್ಯೂಮ್ ಪೈಪು, ಗಾಳಿ ಅಳೆಯುವ ಮಾಫ್ ಸೆನ್ಸರ್, ಇವುಗಳಲ್ಲಿ ಯಾವುದು ಕೆಟ್ಟರೂ ಇದೇ ಕೋಡ್ ಬರಬಹುದು.

ಮುಚ್ಚಿದರೆ ಪಿಕಪ್ ಹೆಚ್ಚುತ್ತದೆಯೇ?

ಮುಚ್ಚುವ ವಿಧಾನ ಎರಡು. ಪೈಪಿನ ಜಾಯಿಂಟ್‌ನಲ್ಲಿ ಗ್ಯಾಸ್ಕೆಟ್ ಜಾಗಕ್ಕೆ ತೂತಿಲ್ಲದ ಉಕ್ಕಿನ ತಗಡು ಕೂರಿಸುವುದು ಹಳೆಯದು. ಇದನ್ನು ಬ್ಲಾಂಕಿಂಗ್ ಪ್ಲೇಟ್ ಎನ್ನುತ್ತಾರೆ. ಎಂಜಿನ್ನಿನ ಕಂಪ್ಯೂಟರ್ ಆದ ಇಸಿಯುವಿನ ಸಾಫ್ಟ್‌ವೇರ್ ಬದಲಿಸಿ ಇಜಿಆರ್ ಇಲ್ಲವೇ ಇಲ್ಲ ಎಂದು ನಂಬಿಸುವುದು ಹೊಸದು. ಬರೀ ತಗಡು ಇಟ್ಟರೆ ಹಳೆಯ ಕಾರುಗಳು ಸುಮ್ಮನಿರುತ್ತವೆ. ಹೊಸವು ಲೆಕ್ಕಕ್ಕಿಂತ ಹೆಚ್ಚು ಗಾಳಿ ಒಳಬರುವುದನ್ನು ಮಾಫ್ ಸೆನ್ಸರ್‌ನಿಂದ ಪತ್ತೆ ಹಚ್ಚಿ ದೀಪ ಹೊತ್ತಿಸುತ್ತವೆ, ಕೆಲವು ಎಂಜಿನ್ನಿನ ಶಕ್ತಿಯನ್ನೇ ತಗ್ಗಿಸಿ ಲಿಂಪ್ ಮೋಡ್‌ಗೆ ಹೋಗುತ್ತವೆ. ಇದನ್ನು ತಪ್ಪಿಸಲು ತಗಡಿಗೆ ಸಣ್ಣ ತೂತು ಕೊರೆದು ಕೂರಿಸುವ ಜಾಣತನವೂ ಚಾಲ್ತಿಯಲ್ಲಿದೆ.

ಇನ್ನು ಪಿಕಪ್ ವಿಚಾರ. ಆಕ್ಸಿಲರೇಟರ್ ಪೂರ್ತಿ ಒತ್ತಿದಾಗ, ಎಂಜಿನ್ನಿಗೆ ಗಾಳಿ ಹೆಚ್ಚು ಬೇಕಾದಾಗ, ಬಹುತೇಕ ಎಂಜಿನ್‌ಗಳಲ್ಲಿ ಇಸಿಯು ಇಜಿಆರ್ ವಾಲ್ವನ್ನು ತಾನಾಗಿಯೇ ಮುಚ್ಚುತ್ತದೆ. ಅಂದರೆ ಗರಿಷ್ಠ ಶಕ್ತಿ ಬೇಕಾದ ಹೊತ್ತಿನಲ್ಲಿ ಅದು ಮೊದಲೇ ಮುಚ್ಚಿರುತ್ತದೆ. ಮುಚ್ಚಿದ್ದನ್ನೇ ಮತ್ತೆ ಮುಚ್ಚಿದರೆ ಹಾರ್ಸ್‌ಪವರ್ ಎಲ್ಲಿಂದ ಬರಬೇಕು? ಹಾಗಿದ್ದರೂ ಮುಚ್ಚಿಸಿದವರು 'ಗಾಡಿ ಹಾರುತ್ತಿದೆ' ಎನ್ನುವುದು ಸುಳ್ಳೇನಲ್ಲ. ಅವರು ಹೋಲಿಸುತ್ತಿರುವುದು ಕೆಟ್ಟ ವಾಲ್ವಿನ ಕಾರಿನ ಜೊತೆ. ವಾಲ್ವ್ ಬಿಚ್ಚಿ ಸ್ವಚ್ಛ ಮಾಡಿಸಿದ್ದರೂ ಆ ಪಿಕಪ್, ಆ ಮೈಲೇಜ್ ಮರಳಿ ಬರುತ್ತಿತ್ತು. ಇನ್‌ಟೇಕ್‌ನಲ್ಲಿ ಮಸಿ ಕೂರುವುದು ನಿಲ್ಲುತ್ತದೆ ಎಂಬುದು ಮಾತ್ರ ಮುಚ್ಚಿಸುವುದರ ನಿಜವಾದ ಲಾಭ. ಅದಕ್ಕೆ ತೆರುವ ಬೆಲೆ ಬೇರೆಯದೇ.

ಪಿಯುಸಿಗೆ ಕಾಣದ ಹೊಗೆ

'ಪಿಯುಸಿ ಪಾಸಾಗುತ್ತದೆ, ಚಿಂತೆ ಬೇಡ' ಎಂದು ಗ್ಯಾರೇಜಿನವರು ಹೇಳುವುದು ನೂರಕ್ಕೆ ನೂರು ನಿಜ. ತೊಂದರೆ ಇರುವುದೇ ಅಲ್ಲಿ. ಡೀಸೆಲ್ ವಾಹನದ ಪಿಯುಸಿಯಲ್ಲಿ ಅಳೆಯುವುದು ಹೊಗೆ ಎಷ್ಟು ದಟ್ಟವಾಗಿದೆ ಎಂಬುದನ್ನು ಮಾತ್ರ. ಇಜಿಆರ್ ಮುಚ್ಚಿದರೆ ಎಂಜಿನ್ನಿಗೆ ಆಕ್ಸಿಜನ್ ಹೆಚ್ಚು ಸಿಕ್ಕಿ ಮಸಿ ಕಡಿಮೆಯಾಗುತ್ತದೆ, ನಾಕ್ಸ್ ಏರುತ್ತದೆ. ಆ ಯಂತ್ರ ನಾಕ್ಸ್ ಅಳೆಯುವುದೇ ಇಲ್ಲ. ಹೀಗಾಗಿ ಹೆಚ್ಚು ವಿಷ ಉಗುಳುವ ಕಾರು ಕಡಿಮೆ ಹೊಗೆಯ ಪ್ರಮಾಣಪತ್ರದೊಂದಿಗೆ ಹೊರಬರುತ್ತದೆ.

ನಾಕ್ಸ್‌ನಲ್ಲಿರುವ ನೈಟ್ರೋಜನ್ ಡೈಆಕ್ಸೈಡ್ ಉಸಿರಿನ ದಾರಿಯನ್ನು ಕೆರಳಿಸುತ್ತದೆ. ಆಸ್ತಮಾ ಇರುವ ಮಕ್ಕಳಿಗೆ ಹೆಚ್ಚು ಅಪಾಯ. ಬಿಸಿಲಿನಲ್ಲಿ ಇದು ಇತರ ಅನಿಲಗಳೊಂದಿಗೆ ಸೇರಿ ನೆಲಮಟ್ಟದ ಓಜೋನ್ ಆಗುತ್ತದೆ. ಗಾಳಿಯಲ್ಲೇ ನೈಟ್ರೇಟ್ ಕಣಗಳಾಗಿ ಮಾರ್ಪಟ್ಟು ದೆಹಲಿಯಂಥ ಊರುಗಳಲ್ಲಿ ಚಳಿಗಾಲದ ಪಿಎಂ 2.5ಕ್ಕೂ ಸೇರುತ್ತದೆ.

ಬಿಎಸ್ 4 ಡೀಸೆಲ್ ಕಾರಿಗೆ ಕಿಲೋಮೀಟರಿಗೆ 0.25 ಗ್ರಾಂ ನಾಕ್ಸ್ ಮಿತಿಯಿತ್ತು. 2020ರ ಏಪ್ರಿಲ್ 1ರಿಂದ ಜಾರಿಗೆ ಬಂದ ಬಿಎಸ್ 6ರಲ್ಲಿ ಅದು 0.08 ಗ್ರಾಂಗೆ ಇಳಿಯಿತು. ಬಿಎಸ್ 4 ಕಾರಿನ ಸೈಲೆನ್ಸರ್ ದಾರಿಯಲ್ಲಿರುವ ಕ್ಯಾಟಲಿಟಿಕ್ ಕನ್ವರ್ಟರ್ ಕಾರ್ಬನ್ ಮಾನಾಕ್ಸೈಡ್ ಮತ್ತು ಉರಿಯದ ಇಂಧನವನ್ನು ತಡೆಯುತ್ತದೆಯೇ ಹೊರತು ನಾಕ್ಸ್ ಅನ್ನು ತಡೆಯುವುದಿಲ್ಲ. ಅಲ್ಲಿ ಹುಟ್ಟುವ ನಾಕ್ಸ್‌ಗೆ ಕಡಿವಾಣ ಹಾಕುವ ಭಾಗ ಬಹುತೇಕ ಇಜಿಆರ್ ಒಂದೇ. ಬಿಎಸ್ 6 ಕಾರುಗಳ ಕಥೆ ಇನ್ನೂ ಸೂಕ್ಷ್ಮ. ಇಜಿಆರ್ ಜೊತೆಗೆ ಮಸಿ ಹಿಡಿಯುವ ಡಿಪಿಎಫ್, ಹಲವು ಕಾರುಗಳಲ್ಲಿ ಯೂರಿಯಾ ದ್ರವ ಬಳಸುವ ಎಸ್‌ಸಿಆರ್, ನಾಕ್ಸ್ ಸೆನ್ಸರ್ ಎಲ್ಲವೂ ಒಂದನ್ನೊಂದು ನೋಡಿಕೊಂಡು ಕೆಲಸ ಮಾಡುತ್ತವೆ. ಒಂದನ್ನು ಮುಚ್ಚಿದರೆ ಉಳಿದವು ದೂರು ಹೇಳುತ್ತವೆ. ಕೊನೆಗೆ ಎಲ್ಲವನ್ನೂ ಕಿತ್ತುಹಾಕುವ ಮಟ್ಟಕ್ಕೆ ಕೆಲಸ ಬೆಳೆಯುತ್ತದೆ.

ಒಬ್ಬರ ಕಾರಿನಿಂದ ಏನಾಗುತ್ತದೆ ಎನ್ನುವವರು ಅಮೆರಿಕದ ಲೆಕ್ಕ ನೋಡಬಹುದು. ಅಲ್ಲಿನ ಪರಿಸರ ಸಂರಕ್ಷಣಾ ಸಂಸ್ಥೆ 2020ರಲ್ಲಿ ಅಂದಾಜಿಸಿದ ಪ್ರಕಾರ, ಹತ್ತು ವರ್ಷಗಳ ಅವಧಿಯಲ್ಲಿ 5.5 ಲಕ್ಷಕ್ಕೂ ಹೆಚ್ಚು ಡೀಸೆಲ್ ಪಿಕಪ್ ಟ್ರಕ್‌ಗಳ ಮಾಲಿನ್ಯ ನಿಯಂತ್ರಣ ಸಾಧನಗಳನ್ನು ಕಿತ್ತುಹಾಕಲಾಗಿತ್ತು. ಅವುಗಳ ಆಯುಷ್ಯದಲ್ಲಿ ಹೆಚ್ಚುವರಿಯಾಗಿ ಹೊರಬೀಳುವ ನಾಕ್ಸ್ 5.7 ಲಕ್ಷ ಟನ್. 2015ರಲ್ಲಿ ಬಯಲಾದ ಫೋಕ್ಸ್‌ವ್ಯಾಗನ್ ಹಗರಣವೂ ನಾಕ್ಸ್ ಕುರಿತದ್ದೇ. ಪರೀಕ್ಷೆಯ ಹೊತ್ತಿಗೆ ಮಾತ್ರ ನಿಯಮ ಪಾಲಿಸುವ ಸಾಫ್ಟ್‌ವೇರ್ ಜಗತ್ತಿನಾದ್ಯಂತ ಸುಮಾರು 1.1 ಕೋಟಿ ಕಾರುಗಳಲ್ಲಿತ್ತು. ಭಾರತದಲ್ಲಿ 3.23 ಲಕ್ಷಕ್ಕೂ ಹೆಚ್ಚು ಕಾರುಗಳನ್ನು ವಾಪಸ್ ಕರೆಸಲು ಕಂಪನಿ ಮುಂದಾಯಿತು. ಕಂಪನಿ ಮಾಡಿದರೆ ಹಗರಣ, ಮೂಲೆಯ ಗ್ಯಾರೇಜಿನಲ್ಲಿ ಮಾಡಿಸಿದರೆ ಟ್ಯೂನಿಂಗ್!

ಕಾನೂನು ಏನು ಹೇಳುತ್ತದೆ?

ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ತಯಾರಕರು ನಿಗದಿಪಡಿಸಿದ್ದಕ್ಕೆ ವ್ಯತ್ಯಾಸವಾಗುವಂಥ ಮಾರ್ಪಾಡುಗಳನ್ನು ನಿರ್ಬಂಧಿಸುತ್ತದೆ. 2019ರ ತಿದ್ದುಪಡಿಯಲ್ಲಿ ಸೇರಿದ 182ಎ ಸೆಕ್ಷನ್ ಪ್ರಕಾರ ಅನುಮತಿಯಿಲ್ಲದ ಮಾರ್ಪಾಡು ಮಾಡಿಸಿದ ಮಾಲೀಕರಿಗೆ ಆರು ತಿಂಗಳವರೆಗೆ ಜೈಲು, ಇಲ್ಲವೇ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಅಥವಾ ಎರಡೂ. ವಾಯುಮಾಲಿನ್ಯ ಮಾನದಂಡ ಮೀರಿದ ವಾಹನ ಓಡಿಸಿದರೆ 190ನೇ ಸೆಕ್ಷನ್ ಅನ್ವಯ ಮೊದಲ ಸಲಕ್ಕೆ ಮೂರು ತಿಂಗಳವರೆಗೆ ಜೈಲು ಅಥವಾ 10,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಮೂರು ತಿಂಗಳು ಲೈಸೆನ್ಸ್ ಅನರ್ಹತೆಯೂ ಇದೆ. ರಸ್ತೆಬದಿಯಲ್ಲಿ ಬಾನೆಟ್ ತೆರೆಸಿ ತಗಡು ಹುಡುಕುವ ಪೊಲೀಸರು ಸಿಗುವುದು ಅಪರೂಪ ನಿಜ. ವಾರಂಟಿ ಕೇಳಿಕೊಂಡು ಸರ್ವಿಸ್ ಸೆಂಟರಿಗೆ ಹೋದಾಗ ಮಾತ್ರ ತಗಡು ಮೊದಲು ಕಣ್ಣಿಗೆ ಬೀಳುತ್ತದೆ.

ಕೂಲರ್ ಸೋರಿದರೆ ತಡ ಬೇಡ

ಇಜಿಆರ್ ಬಗ್ಗೆ ಜನರಿಗಿರುವ ಭಯ ಪೂರ್ತಿ ಆಧಾರರಹಿತವಲ್ಲ. 2018ರಲ್ಲಿ ದಕ್ಷಿಣ ಕೊರಿಯಾದಲ್ಲಿ ಬಿಎಂಡಬ್ಲ್ಯು ಡೀಸೆಲ್ ಕಾರುಗಳು ಒಂದರ ಹಿಂದೊಂದು ಬೆಂಕಿಗೆ ಆಹುತಿಯಾದವು. ಇಜಿಆರ್ ಕೂಲರ್ ಸೋರಿ, ಕೂಲೆಂಟ್ ಮಸಿಯೊಂದಿಗೆ ಸೇರಿ ಕೂತಿದ್ದು ಬಿಸಿ ಹೊಗೆ ತಗುಲಿ ಹೊತ್ತಿಕೊಂಡಿತ್ತು. ಅದೇ ವರ್ಷ ಕಂಪನಿ ಜಗತ್ತಿನಾದ್ಯಂತ ಸುಮಾರು 16 ಲಕ್ಷ ಕಾರುಗಳಿಗೆ ಮರುಕರೆ ವಿಸ್ತರಿಸಿತು. ಅಲ್ಲಿಯೂ ಕಂಡುಕೊಂಡ ಪರಿಹಾರ ದೋಷವಿದ್ದ ಕೂಲರ್ ಬದಲಿಸುವುದು, ಇಜಿಆರ್ ಕಿತ್ತುಹಾಕುವುದಲ್ಲ. ಎಲ್ಲೂ ನೀರು ಸೋರದಿದ್ದರೂ ಕೂಲೆಂಟ್ ಮಟ್ಟ ಇಳಿಯುತ್ತಿದ್ದರೆ, ಬಿಸಿಯಾದ ಮೇಲೂ ಬಿಳಿ ಹೊಗೆ ಬರುತ್ತಿದ್ದರೆ ಕೂಲರ್ ತಪಾಸಣೆ ಮಾಡಿಸಬೇಕು.

ಉಳಿದ ತೊಂದರೆಗಳಿಗೆ ಮೊದಲ ಮದ್ದು ಸ್ವಚ್ಛತೆ. ವಾಲ್ವ್ ಬಿಚ್ಚಿ ಕಾರ್ಬ್ ಕ್ಲೀನರ್‌ನಲ್ಲಿ ತೊಳೆದು, ಹೊಸ ಗ್ಯಾಸ್ಕೆಟ್ ಹಾಕಿ ಕೂರಿಸುವುದು ಅರ್ಧ ದಿನದ ಕೆಲಸ. ಎಲೆಕ್ಟ್ರಿಕ್ ವಾಲ್ವ್ ಆದರೆ ಮೋಟಾರ್ ಭಾಗಕ್ಕೆ ದ್ರವ ಹೋಗದಂತೆ ಎಚ್ಚರ ಬೇಕು, ಕೆಲವು ಕಾರುಗಳಲ್ಲಿ ಸ್ಕ್ಯಾನರ್‌ನಿಂದ ವಾಲ್ವನ್ನು ಮತ್ತೆ ಹೊಂದಿಸಬೇಕಾಗುತ್ತದೆ. ವಾಲ್ವ್ ಮಾತ್ರ ತೊಳೆದು ಮ್ಯಾನಿಫೋಲ್ಡ್ ಬಿಟ್ಟರೆ ಕೆಲಸ ಅರ್ಧವಾದಂತೆ. ತೊಳೆದರೂ ವಾಲ್ವ್ ಸಡಿಲವಾಗಿದ್ದರೆ ಬದಲಿಸದೆ ವಿಧಿಯಿಲ್ಲ. ಕಂಪನಿ ಹೇಳಿದ ದರ್ಜೆಯ ಆಯಿಲ್ ಅನ್ನು ಹೊತ್ತಿಗೆ ಸರಿಯಾಗಿ ಬದಲಿಸುವುದು, ಆಗಾಗ ಹೆದ್ದಾರಿಯಲ್ಲಿ ಅರ್ಧ ಗಂಟೆಯಾದರೂ ಓಡಿಸುವುದು ಮುಂದಿನ ಖರ್ಚನ್ನು ದೂರ ತಳ್ಳುತ್ತವೆ.

ಸೆಕೆಂಡ್ ಹ್ಯಾಂಡ್ ಡೀಸೆಲ್ ಕಾರು ಕೊಳ್ಳುವವರು ಇನ್ನೊಂದು ಸಂಗತಿ ಗಮನಿಸಬೇಕು. ದೆಹಲಿಯ 10 ವರ್ಷದ ನಿರ್ಬಂಧದಿಂದಾಗಿ ಅಲ್ಲಿನ ಎಷ್ಟೋ ಡೀಸೆಲ್ ಕಾರುಗಳು ಎನ್‌ಒಸಿ ಪಡೆದು ಬೇರೆ ರಾಜ್ಯಗಳಿಗೆ ಹೋಗಿವೆ. ಕೊಳ್ಳುವ ಮುನ್ನ ಕೀಲಿ ತಿರುಗಿಸಿದಾಗ ಚೆಕ್ ಎಂಜಿನ್ ದೀಪ ಹೊತ್ತಿ, ಸ್ಟಾರ್ಟ್ ಆದ ಮೇಲೆ ಆರುತ್ತದೆಯೇ ನೋಡಿ. ಹೊತ್ತುವುದೇ ಇಲ್ಲವಾದರೆ ಬಲ್ಬನ್ನೇ ತೆಗೆಸಿರಬಹುದು. ಇಜಿಆರ್ ಪೈಪಿನ ಜಾಯಿಂಟ್‌ನಲ್ಲಿ ಹೊಸದಾಗಿ ಕಾಣುವ ಬೋಲ್ಟು, ಗ್ಯಾಸ್ಕೆಟ್‌ಗಿಂತ ದಪ್ಪದ ತಗಡಿನ ಅಂಚು ಕಂಡರೆ ನಂಬಿಕಸ್ಥ ಮೆಕ್ಯಾನಿಕ್‌ಗೆ ತೋರಿಸಿ. ಎಂಜಿನ್ ಓಡುತ್ತಿರುವಾಗಲೇ ಸ್ಕ್ಯಾನರ್ ಹಾಕಿಸಿ ಇಜಿಆರ್ ವಾಲ್ವ್ ತೆರೆದು ಮುಚ್ಚುತ್ತಿದೆಯೇ, ಅದರ ಜೊತೆ ಗಾಳಿಯ ಲೆಕ್ಕವೂ ಏರಿಳಿಯುತ್ತಿದೆಯೇ ಎಂದು ನೋಡಿಸಿಕೊಂಡ ಮೇಲೆ ಬೆಲೆ ಮಾತಾಡಬಹುದು.